ವಿಸಿಟ್ ವೀಸಾದಲ್ಲಿ ಮನೆಗೆಲಸದವರನ್ನು ಕರೆಸಬೇಡಿ

ಗೋಣಿಕೊಪ್ಪದ ನಿಮ್ಮ ಮನೆಯಲ್ಲಿ ಕೆಲಸಕ್ಕಿರುವ 26 ವರ್ಷದ ಹುಡುಗಿಯನ್ನು ಮಗು ನೋಡಿಕೊಳ್ಳಲು ದುಬೈಗೆ ವಿಸಿಟ್ ವೀಸಾದಲ್ಲಿ ಕರೆಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಆ ವೀಸಾದಲ್ಲಿ ಕೆಲಸ ಮಾಡಿಸುವುದು ಅಲ್ಲಿ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ನಿಮಗೆ ದೊಡ್ಡ ದಂಡ, ಅವಳ ಪಾಡು ಇನ್ನೂ ಕಷ್ಟ.

ಸರಿಯಾದ ದಾರಿಯಲ್ಲೂ ತೊಡಕಿದೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಳು ಎಂದಿದ್ದೀರಲ್ಲ, ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್, ಅಂದರೆ ಕೆಲಸಕ್ಕೆ ಹೊರಡುವ ಮುನ್ನ ಸರ್ಕಾರದ ತಪಾಸಣೆ ಬೇಕಾದ) ವರ್ಗಕ್ಕೆ ಸೇರುತ್ತದೆ. ಅಂಥವರು ಯುಎಇಗೆ ಕೆಲಸಕ್ಕೆ ಹೋಗಲು ಭಾರತ ಸರ್ಕಾರದ ಅನುಮತಿ, ಅಂದರೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು. ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ 30 ವರ್ಷ ತುಂಬದೆ ಅದು ಸಿಗುವುದಿಲ್ಲ. ಅಂದರೆ ಇನ್ನೂ ನಾಲ್ಕು ವರ್ಷ. ಅಷ್ಟರಲ್ಲಿ ನಿಮ್ಮ ಮಗು ಸ್ಕೂಲ್ ಬ್ಯಾಗ್ ಹೊತ್ತಿರುತ್ತದೆ!

ನನ್ನ ಕೇಳಿದರೆ, ಅಲ್ಲೇ ಲೈಸೆನ್ಸ್ ಇರುವ ಏಜೆನ್ಸಿ ಮೂಲಕ ಯಾರನ್ನಾದರೂ ಇಟ್ಟುಕೊಳ್ಳಿ. ನಮ್ಮ ಕೊಡಗಿನ ಅಕ್ಕಿ ಕಡುಬು ಕಡಂಬುಟ್ಟು ಮಾಡುವವರು ಸಿಗಲಿಕ್ಕಿಲ್ಲ, ಅದು ನಿಮ್ಮ ಪಾಲಿಗೇ! ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ ಕೊಡಲೇಬೇಕು. ಕೆಲಸದವರ ಪಾಸ್‌ಪೋರ್ಟ್ ಅವರ ಹತ್ತಿರವೇ ಇರಬೇಕು. ನಮ್ಮ ನೆಂಟರೊಬ್ಬರು 'ಸೇಫ್ ಆಗಿರಲಿ' ಅಂತ ಬೀರುವಿಗೆ ಹಾಕಿ ಬೀಗ ಜಡಿದಿದ್ದರು. ಅದು ಸೇಫ್ಟಿ ಅಲ್ಲ, ತಪ್ಪು.

ಊರಿನ ಕಡೆಯೂ ಸ್ವಲ್ಪ ಯೋಚನೆ ಮಾಡಿ. ಡಿಸೆಂಬರ್ ಬಂದರೆ ಕಾಫಿ ಕೊಯ್ಲು. ಎಲ್ಲರೂ ತೋಟಕ್ಕೆ ಹೋಗುತ್ತಾರೆ, ಮನೆಗೆಲಸಕ್ಕೆ ಜನ ಸಿಗುವುದು ಕಷ್ಟ. ಈ ಹುಡುಗಿಯೂ ಹೊರಟರೆ ಒಬ್ಬರೇ ಇರುವ ನಿಮ್ಮ ಅಮ್ಮನಿಗೆ ಯಾರು?