ಮೈಸೂರಿನ ಇತಿಹಾಸ ಹುಡುಕಲು ನೀವು ಲಂಡನ್‌ಗೆ ಯಾಕೆ ಹೋಗಿದ್ದಿರಿ? ಆ ದಿನಗಳು ಹೇಗಿದ್ದವು?

ಹೋಗದೆ ಬೇರೆ ದಾರಿ ಇರಲಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಾಲಿನ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನ ಸರ್ವೇಯರ್ ಮೈಸೂರು ಸೀಮೆಯನ್ನು ಅಳೆಯಲು ಬಂದ, ಜೊತೆಗೆ ಊರೂರಿನ ಕೈಫಿಯತ್ತು (ಅಂದರೆ ಊರಿನ ಹಳೆಯ ಕಥೆ-ಇತಿಹಾಸ ಬರೆದಿಟ್ಟ ಕಡತ), ಶಾಸನದ ನಕಲು, ಚಿತ್ರ ಅಂತ ಸಿಕ್ಕಿದ್ದನ್ನೆಲ್ಲ ಕೂಡಿಸಿಟ್ಟ. 1821ರಲ್ಲಿ ಅವನು ತೀರಿಕೊಂಡ ಮೇಲೆ ಆ ರಾಶಿ ಹಂಚಿಹೋಯಿತು. ಕನ್ನಡದ ಕಾಗದಪತ್ರ ಬಹಳಷ್ಟು ಚೆನ್ನೈಯಲ್ಲಿದೆ. ಚಿತ್ರಗಳು, ಇಂಗ್ಲಿಷ್ ಅನುವಾದಗಳು ಲಂಡನ್ ಸೇರಿದವು.

ನಾನು ಹೋದದ್ದು 2004ರ ಚಳಿಗಾಲದಲ್ಲಿ, ಸೇಂಟ್ ಪ್ಯಾಂಕ್ರಸ್‌ನ ಬ್ರಿಟಿಷ್ ಲೈಬ್ರರಿಗೆ. ಮೊದಲ ದಿನ ಸುಮ್ನೆ ವಾಪಸ್ ಬಂದೆ. ತಪ್ಪು ನನ್ನದೇ, ಓದುಗರ ಪಾಸ್‌ಗೆ ಮನೆ ವಿಳಾಸದ ದಾಖಲೆ ಬೇಕು, ಅದನ್ನು ರೂಮಿನಲ್ಲೇ ಮರೆತಿದ್ದೆ. ಓದುವ ಕೋಣೆಯಲ್ಲಿ ಪೆನ್ನು ಬಳಸುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಕೋಟು, ಚೀಲ ಎಲ್ಲ ಲಾಕರಿಗೆ. ಲಂಡನ್‌ನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಇಲಾಖೆ ಇಂಡಿಯಾ ಆಫೀಸ್‌ನ ದಾಖಲೆಗಳೇ ಸುಮಾರು 14 ಕಿಲೋಮೀಟರ್ ಕಪಾಟು ತುಂಬುತ್ತವೆ, ಹಾಗಾಗಿ ಮೊದಲ ವಾರವೆಲ್ಲ ಕ್ಯಾಟಲಾಗ್ ಓದುವುದರಲ್ಲೇ ಕಳೆಯಿತು ಅಂದರೆ ನಂಬಿ.

ಮಧ್ಯಾಹ್ನ ಹೊರಗಿನ ಅಂಗಳದಲ್ಲಿ, ನ್ಯೂಟನ್ನನ ದೊಡ್ಡ ಕಂಚಿನ ಪ್ರತಿಮೆ ಎದುರು ಕೂತು, ಡಬ್ಬಿಯಲ್ಲಿ ತಂದ ತಣ್ಣಗಿನ ಚಿತ್ರಾನ್ನ ತಿನ್ನುತ್ತಿದ್ದೆ. ದುಡ್ಡು ಕಡಿಮೆ, ಚಳಿ ಜಾಸ್ತಿ. ಆದರೂ ಒಂದು ದಿನ ಎರಡು ಶತಮಾನದ ಹಿಂದಿನ ಹಾಳೆಯಲ್ಲಿ ನಮ್ಮ ಕಡೆಯ ಊರಿನ ಹೆಸರು ವಕ್ರ ಸ್ಪೆಲಿಂಗ್‌ನಲ್ಲಿ ಕಂಡಾಗ ಜೋರಾಗಿ ನಕ್ಕುಬಿಟ್ಟೆ, ಪಕ್ಕದವರು ತಲೆ ಎತ್ತಿ ನೋಡಿದರು.