ಗ್ರಾಮಸಭೆಗೆ ಹೋಗಿ ಏನು ಪ್ರಯೋಜನ, ಎಲ್ಲ ಮೊದಲೇ ತೀರ್ಮಾನ ಆಗಿರುತ್ತೆ ಅಲ್ವಾ?

ಜಗಳೂರು ಕಡೆಯವರು ಅಂತ ಬರೆದಿದ್ದೀರಿ. ಹುಡುಗರು ಆಡುವ ಬಯಲಿನಲ್ಲಿ ಅಂಗಡಿ ಮಳಿಗೆ ಕಟ್ಟುತ್ತೇವೆ ಅಂತ ನಿಮ್ಮ ಗ್ರಾಮ ಪಂಚಾಯಿತಿ ಠರಾವು ಮಾಡಿದೆ. ಊರಿನ ಎಷ್ಟೋ ಜನಕ್ಕೆ ಅದು ಬೇಡ. ಗ್ರಾಮಸಭೆ ಹತ್ತಿರ ಬಂದಿದೆ, ಹೋಗಿ ಏನು ಪ್ರಯೋಜನ ಅಂತ ಕೇಳಿದ್ದೀರಿ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಊರಿನವನು. ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಕೆಲವು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ನಾನೂ ನಿಮ್ಮ ಹಾಗೇ ಹೇಳುತ್ತಿದ್ದೆ. ಈಗ ಹೇಳುವುದು ಬೇರೆ. ಹೋಗಿ, ಖಂಡಿತ ಹೋಗಿ. ಸಭೆಯಲ್ಲಿ ಆದದ್ದನ್ನು ಬರೆದಿಡುವ ನಡಾವಳಿ ಪುಸ್ತಕಕ್ಕೆ ನಿಮ್ಮ ಮಾತು ಏರುವವರೆಗೆ ಎದ್ದು ಬರಬೇಡಿ. ಇದನ್ನು ನಾವು ಕಲಿತದ್ದು ಒಂದು ಸಲ ಪೂರ್ತಿ ಸೋತ ಮೇಲೆ.

ನಮ್ಮೂರ ಸಂತೆ ಮಂಗಳವಾರ. ಕೆರೆ ಏರಿ ಪಕ್ಕದಲ್ಲಿ ಹಳೇ ಹುಣಸೆಮರಗಳ ಸಾಲಿದೆ. ಅದರ ನೆರಳಲ್ಲೇ ಮೊದಲಿಂದ ಸಂತೆ ಕೂಡುತ್ತದೆ. ಈರುಳ್ಳಿ, ಶೇಂಗಾ, ಹುಣಸೆಹಣ್ಣು, ಕಂಬಳಿ, ಒಂದು ಮೂಲೆಯಲ್ಲಿ ಮಂಡಕ್ಕಿ ಮಿರ್ಚಿ. ಸುತ್ತಲಿನ ಹಳ್ಳಿ ಹೆಂಗಸರು ಬೆಳಗಿನ ಜಾವಕ್ಕೇ ಸೊಪ್ಪು ಕಿತ್ತು, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಮೊದಲ ಬಸ್ಸಿಗೆ ಬಂದು ಇಳಿಯುತ್ತಾರೆ. ನಮ್ಮ ಚಿಕ್ಕಮ್ಮ ಅವರಲ್ಲಿ ಒಬ್ಬರು. ಚಿಕ್ಕಪ್ಪ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಓದಿಸಿದ್ದು ಆ ಮರದ ಬುಡದಲ್ಲಿ ಕೂತು.

ಒಂದು ದಿನ ಪಂಚಾಯಿತಿಯವರು ಸಂತೆಯನ್ನು ಊರ ಹೊರಗೆ, ಹೈವೇ ಪಕ್ಕದ ಬಯಲಿಗೆ ಸಾಗಿಸುತ್ತೇವೆ ಅಂತ ತೀರ್ಮಾನ ಮಾಡಿದರು. ಅವರ ಕಡೆ ಕಾರಣ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಮಂಗಳವಾರ ಬಂದರೆ ರಸ್ತೆಗೆ ಅಡ್ಡಡ್ಡ ಗೂಡ್ಸ್ ಗಾಡಿ ನಿಲ್ಲಿಸುತ್ತಿದ್ದರು, ಬಸ್ ತಿರುಗುತ್ತಿರಲಿಲ್ಲ. ಬಾಣಂತಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಸಂತೆ ಮಧ್ಯೆ ಸಿಕ್ಕಿಕೊಂಡದ್ದನ್ನು ನಾನೇ ನೋಡಿದ್ದೇನೆ. ಆದರೆ ಹೊಸ ಜಾಗದಲ್ಲಿ ಒಂದು ಮರ ಇಲ್ಲ, ನಲ್ಲಿ ಇಲ್ಲ, ಶೌಚಾಲಯ ಇಲ್ಲ. ಬಸ್ಸೂ ಅಲ್ಲಿ ನಿಲ್ಲುವುದಿಲ್ಲ. ಬಸ್ ಸ್ಟ್ಯಾಂಡಿನಿಂದ ಒಂದೂವರೆ ಕಿಲೋಮೀಟರ್.

ಆವಾಗ ಗ್ರಾಮಸಭೆ ನಡೆಯಿತು. ನಾವೂ ಹೋದೆವು. ಬಾಗಿಲಲ್ಲೇ ಒಂದು ಪುಸ್ತಕ ಇಟ್ಟಿದ್ದರು, ಎಲ್ಲರೂ ಸಹಿ ಹಾಕಿ ಒಳಗೆ ಹೋಗಬೇಕು. ಚಿಕ್ಕಮ್ಮ ಹೆಬ್ಬೆಟ್ಟು ಒತ್ತಿದರು. ಇಂಕನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಸಾಲಲ್ಲೇ ಕೂತರು. ಆಮೇಲೆ ಎರಡು ಗಂಟೆ ಗಲಾಟೆ. ನಾವು ಸಂತೆ ಅಂದರೆ ಇನ್ನೊಬ್ಬರು ಮನೆ ಬಿಲ್ಲು ಅಂದರು, ಮತ್ತೊಬ್ಬರು ಬೀದಿದೀಪ ಅಂದರು. ಅಷ್ಟರಲ್ಲಿ ಅದು ಎರಡು ಪಾರ್ಟಿಯವರ ಜಗಳ ಆಗಿಹೋಯಿತು. ಸಂತೆ ಸಾಗಿಸುವುದು ಬೇಡ ಅಂದವರು ಆ ಪಾರ್ಟಿ, ಸಾಗಿಸಲಿ ಅಂದವರು ಈ ಪಾರ್ಟಿ. ಗಂಟಲು ಹರಿದುಕೊಂಡು ಮನೆಗೆ ಬಂದೆವು. ನಮ್ಮ ಮಾತು ಮುಟ್ಟಿದೆ ಅಂತಲೇ ತಿಳಿದಿದ್ದೆವು.

ಎರಡು ತಿಂಗಳಾದ ಮೇಲೆ ಹೊಸ ಜಾಗದಲ್ಲಿ ಜೆಸಿಬಿ ಬಂತು. ನನಗೆ ತಡೆಯಲಾಗಲಿಲ್ಲ. ಆ ಸಭೆಯ ನಡಾವಳಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕೈಗೆ ಬಂದ ಪುಟದಲ್ಲಿ ಸಂತೆ ಬಗ್ಗೆ ಮೂರೇ ಸಾಲು ಇತ್ತು. ವಿಷಯವನ್ನು ಸಭೆಯಲ್ಲಿ ಚರ್ಚಿಸಲಾಯಿತು, ಸ್ಥಳಾಂತರಕ್ಕೆ ಸರ್ವಾನುಮತದಿಂದ ಒಪ್ಪಿಗೆ ಸೂಚಿಸಲಾಯಿತು. ಅದರ ಹಿಂದೆ ಹಾಜರಿ ಹಾಳೆಗಳು. ಆ ಸಹಿಗಳ ನಡುವೆ ನೀಲಿ ಇಂಕಿನ ಒಂದು ಹೆಬ್ಬೆಟ್ಟು, ಪಕ್ಕದಲ್ಲಿ ಯಾರೋ ಬರೆದ ಚಿಕ್ಕಮ್ಮನ ಹೆಸರು. ತನ್ನ ಜಾಗ ಹೋಗುವುದಕ್ಕೆ ತಾನೇ ಒಪ್ಪಿಗೆ ಕೊಟ್ಟ ಹಾಗೆ ಕಾಣುತ್ತಿತ್ತು. ಅದನ್ನು ಅವರಿಗೆ ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಅವರು ಕೇಳಿದ್ದು ಇಷ್ಟೇ: "ನಾನು ಎದ್ದು ನಿಂತ್ಕಂಡು ಮಾತಾಡಿದ್ನಲ್ಲಪ್ಪಾ, ಅದನ್ನ ಎಲ್ಲಿ ಬರದವ್ರೆ?"

ಎಲ್ಲೂ ಬರೆದಿರಲಿಲ್ಲ. ಇದರಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಮೋಸ ಮಾಡಿದರು ಅಂತಲೂ ನಾನು ಅನ್ನಲ್ಲ. ಅವರಿಗೆ ಎರಡು ಪಂಚಾಯಿತಿ ಉಸ್ತುವಾರಿ ಇತ್ತು. ಗಲಾಟೆಯಲ್ಲಿ ಬರೆಯುವುದು ಯಾರು? ಸಭೆ ಮುಗಿದ ಮೇಲೆ ಆಫೀಸಿನಲ್ಲಿ ಕೂತು ಬರೆದಿರುತ್ತಾರೆ. ಆದರೆ ತಾಲ್ಲೂಕಿಗೆ, ಜಿಲ್ಲೆಗೆ, ನಾಳೆ ಕೋರ್ಟಿಗೆ ಹೋದರೂ ಅವರು ನೋಡುವುದು ಆ ಪುಟವನ್ನೇ.

ಕಾನೂನು ಏನು ಹೇಳುತ್ತೆ ಅಂತ ಸ್ವಲ್ಪ ಹೇಳುತ್ತೇನೆ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಆರು ತಿಂಗಳಿಗೆ ಒಂದು ಸಲವಾದರೂ ಒಂದು ವಾರ್ಡಿನ ಮತದಾರರ ವಾರ್ಡ್ ಸಭೆ, ಪೂರ್ತಿ ಪಂಚಾಯಿತಿಯ ಮತದಾರರ ಗ್ರಾಮಸಭೆ ಎರಡೂ ನಡೆಯಬೇಕು. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 20 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಬರಲೇಬೇಕು, ಅದೇ ಕೋರಂ. ಗ್ರಾಮಸಭೆಗೆ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ. ಬಂದವರಲ್ಲಿ ನೂರಕ್ಕೆ 30 ಹೆಂಗಸರಿರಬೇಕು. ನಿಮ್ಮ ಮಳಿಗೆ ವಿಷಯ ಹಿಂದಿನ ಗ್ರಾಮಸಭೆಯಲ್ಲಿ ಜನ ಒಪ್ಪಿದ್ದಾರೆ ಅಂತ ಅವರು ಹೇಳಿದರೆ, ಮೊದಲು ಹಾಜರಿ ಹಾಳೆ ತೆಗೆಸಿ ಎಣಿಸಿ. ಒಂದು ಮಾತು ಗೊತ್ತಿರಲಿ, ಗ್ರಾಮಸಭೆ ಅಂದರೆ ಪಂಚಾಯಿತಿ ಮೆಂಬರ್‌ಗಳ ಸಾಮಾನ್ಯ ಸಭೆ ಅಲ್ಲ. ಠರಾವು ಪಾಸು ಮಾಡುವುದು ಮೆಂಬರ್‌ಗಳು. ನಾವು ಗ್ರಾಮಸಭೆಯಲ್ಲಿ ಕೈ ಎತ್ತಿದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ಆದರೆ ಊರಿನ ಜನ ಇಂಥ ದಿನ ಇಂಥ ಕಾರಣಕ್ಕೆ ಬೇಡ ಅಂದಿದ್ದಾರೆ ಅಂತ ನಡಾವಳಿಯಲ್ಲಿ ಬಂದರೆ, ಆಮೇಲೆ ಅದನ್ನು ದಾಟಿ ಹೋಗುವುದು ಅಷ್ಟು ಸುಲಭ ಅಲ್ಲ. ಜನರಿಗೆ ತೊಂದರೆ ಆಗುವಂಥ ಠರಾವನ್ನು ತಡೆಹಿಡಿಯುವ ಅಧಿಕಾರ ಮೇಲಿನವರಿಗೆ ಇದೆ. ಜಿಲ್ಲಾ ಪಂಚಾಯಿತಿಯ ಮುಖ್ಯ ಅಧಿಕಾರಿ ಸಿಇಒ ಹತ್ತಿರ ಹೋಗುವಾಗ ಕೈಯಲ್ಲಿ ಆ ಪುಟ ಇರಬೇಕು.

ಎರಡನೇ ಸಲ ನಾವು ಏನು ಮಾಡಿದೆವು ಅಂತ ಕೇಳಿ.

ಮೊದಲನೆಯದಾಗಿ ಪಾರ್ಟಿಯವರನ್ನು ದೂರ ಇಟ್ಟೆವು. ಎರಡು ಕಡೆಯ ಯಜಮಾನರ ಮನೆಗೂ ಹೋಗಿ, ಈ ವಿಷಯದಲ್ಲಿ ನೀವು ಮಾತಾಡಬೇಡಿ, ಸೊಪ್ಪು ಮಾರುವ ಹೆಂಗಸರೇ ಮಾತಾಡಲಿ ಅಂತ ಕೈ ಮುಗಿದೆವು. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಇದೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಕೂಡ. ನಿಮ್ಮೂರಲ್ಲೂ ಬಯಲಿನ ವಿಷಯ ಆ ಗುಂಪು ಈ ಗುಂಪು ಆಗಿದ್ದರೆ ಮೊದಲು ಅದನ್ನು ಬಿಡಿಸಿ. ಆಡುವ ಹುಡುಗರ ಅಪ್ಪ ಅಮ್ಮಂದಿರು ಎರಡೂ ಕಡೆ ಇದ್ದೇ ಇರುತ್ತಾರೆ.

ಆಮೇಲೆ ಅರ್ಜಿ. ಸಂತೆ ಸಾಗಿಸಿ, ಸಾಗಿಸಬೇಡಿ ಅಂತ ಬರೆಯಲಿಲ್ಲ. ನೆರಳು, ನೀರು, ಶೌಚಾಲಯ, ಬಸ್ ನಿಲುಗಡೆ, ಸುಂಕದ ದರದ ಬೋರ್ಡು, ಈ ಐದು ಆಗುವವರೆಗೆ ಸೊಪ್ಪು ತರಕಾರಿಯವರನ್ನು ಹುಣಸೆಮರದ ಕೆಳಗೇ ಬಿಡಿ ಅಂತ ಬರೆದೆವು. ಗೂಡ್ಸ್ ಗಾಡಿ ರಸ್ತೆ ಮೇಲೆ ನಿಲ್ಲಿಸಬಾರದು ಅಂತ ನಾವೇ ಸೇರಿಸಿದೆವು. ಆಂಬುಲೆನ್ಸ್ ಮಾತು ನಿಜ ತಾನೇ, ಅದನ್ನು ನಾವೇ ಮೊದಲು ಹೇಳಿದರೆ ಎದುರಿನವರಿಗೆ ಜಗಳಕ್ಕೆ ಜಾಗ ಇರಲ್ಲ. ಒಂದು ಪುಟದ ಅರ್ಜಿ. ಎರಡು ಪ್ರತಿ. ಒಂದನ್ನು ಪಂಚಾಯಿತಿ ಆಫೀಸಿನ ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆವು. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ವಾರ್ಡ್ ಸಭೆಗೆ ಜನ ಬರುವುದೇ ಇಲ್ಲ. ದೇವಸ್ಥಾನದ ಕಟ್ಟೆ ಮೇಲೆ ನಾಲ್ಕು ಜನ ಕೂತು ಮುಗಿಸಿಬಿಡುತ್ತಾರೆ. ಆ ಸಲ ಮೂವತ್ತಕ್ಕೂ ಜಾಸ್ತಿ ಹೆಂಗಸರು ಬಂದರು. ಅಲ್ಲಿ ಬರೆಸಿದ್ದರಿಂದ ಗ್ರಾಮಸಭೆಗೆ ವಿಷಯ ತಾನಾಗೇ ಬಂತು. ಗ್ರಾಮಸಭೆಯಲ್ಲಿ ಸಭೆ ನೋಡಿಕೊಳ್ಳಲು ತಾಲ್ಲೂಕಿನಿಂದ ಬಂದ ನೋಡಲ್ ಅಧಿಕಾರಿ ಇದ್ದರು. ಚಿಕ್ಕಮ್ಮ ಎದ್ದರು.

"ಸಾರ್, ನಲವತ್ತು ಕಟ್ಟು ಸೊಪ್ಪು ತಲೆ ಮ್ಯಾಲೆ ಹೊತ್ಕಂಡು ಅಷ್ಟು ದೂರ ನಡೀಬೇಕು. ಬಿಸಿಲಿಗೆ ಹನ್ನೊಂದು ಗಂಟೆಗೆಲ್ಲಾ ಬಾಡೋಗ್ತವೆ. ಒಂದಕ್ಕೆ ಹೋಗಬೇಕಂದ್ರೆ ಬೆಳಗಿಂದ ಸಂಜೆಗಂಟ ತಡ್ಕಂಡು ಕುಂದ್ರಬೇಕು. ಇದನ್ನ ಬರಕಳ್ರಿ."

ಸಭೆ ಗಪ್ ಅಂತ ಆಯಿತು. ಬರೆದುಕೊಳ್ಳಿ ಅಂತ ಆ ಅಧಿಕಾರಿ ಪಿಡಿಒಗೆ ಹೇಳಿದರು. ಆಗ ನಾನು ಎದ್ದು ಒಂದೇ ಒಂದು ಮಾತು ಕೇಳಿದೆ. ಸಾರ್, ಬರೆದದ್ದನ್ನು ಸಭೆ ಮುಗಿಯುವ ಮೊದಲು ಒಂದು ಸಲ ಜೋರಾಗಿ ಓದಿ, ಅದರ ಕೆಳಗೇ ಸಹಿ ಹಾಕುತ್ತೇವೆ. ಓದಿದರು. ಒಂದು ಕಡೆ "ಶೌಚಾಲಯ" ಬಿಟ್ಟುಹೋಗಿತ್ತು, ಸೇರಿಸಿಸಿದೆವು. ಕೊನೆ ಸಾಲಿನ ಕೆಳಗೆ ಜಾಗ ಖಾಲಿ ಉಳಿಯದ ಹಾಗೆ ಗೆರೆ ಎಳೆಸಿದೆವು. ಚಿಕ್ಕಮ್ಮ ಮತ್ತೆ ಹೆಬ್ಬೆಟ್ಟು ಒತ್ತಿದರು, ಈ ಸಲ ಏನು ಬರೆದಿದೆ ಅಂತ ಕೇಳಿಸಿಕೊಂಡು.

ಎಲ್ಲ ಗೆದ್ದೆವು ಅಂತಲ್ಲ. ಬಟ್ಟೆ, ಪಾತ್ರೆ, ಗೂಡ್ಸ್ ಗಾಡಿ ಎಲ್ಲ ಹೊಸ ಬಯಲಿಗೆ ಹೋದವು. ಸೊಪ್ಪು ತರಕಾರಿ ಹುಣಸೆಮರದ ಕೆಳಗೇ ಉಳಿಯಿತು. ರಸ್ತೆ ಈಗ ಖಾಲಿ ಇರುತ್ತದೆ. ಸುಂಕದ ಬೋರ್ಡು ಹಾಕಿದ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಬುಟ್ಟಿಗೆ ಪಂಚಾಯಿತಿ ಗೊತ್ತು ಮಾಡಿದ್ದು ಹತ್ತು ರೂಪಾಯಿ, ಸುಂಕ ವಸೂಲಿಯ ಹರಾಜು ಹಿಡಿದವರು ಅಷ್ಟು ವರ್ಷ ವಸೂಲಿ ಮಾಡಿದ್ದು ಇಪ್ಪತ್ತು. ಅಲ್ಲಿ ಕೂರುವವರಿಗೆ ಸಂತೆ ದಿನ ಆ ಹೆಚ್ಚಿನ ಹತ್ತು ರೂಪಾಯಿ ಅಂದರೆ ಹೋಗಿ ಬರುವ ಬಸ್ ಚಾರ್ಜಿನ ಒಂದು ಪಾಲು. ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಆದ ಮೇಲೂ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ಟಿಕೆಟ್ ತಗೊಳ್ಳಲೇಬೇಕು.

ಈಗ ನಿಮ್ಮ ಬಯಲಿನ ವಿಷಯ. ಜಾಗ ಯಾರದ್ದು ಅಂತ ಮೊದಲು ನೋಡಿ. ಸರ್ವೆ ನಂಬರ್ ಗೊತ್ತಿದ್ದರೆ ನಾಡಕಚೇರಿಯಲ್ಲಿ ಪಹಣಿ ತೆಗೆಸಿ, ಒಡೆಯರ ಹೆಸರಿರುವ 9ನೇ ಕಾಲಂ ನೋಡಿ. ಸರ್ಕಾರಿ ಗೋಮಾಳ ಅಂತಿದ್ದರೆ ಪಂಚಾಯಿತಿ ಸುಮ್ನೆ ಹೋಗಿ ಪಾಯ ತೆಗೆಯುವಂತಿಲ್ಲ, ಕಂದಾಯ ಇಲಾಖೆಯಿಂದ ಮಂಜೂರಾಗಬೇಕು. ಶಾಲೆ ಹೆಸರಿನಲ್ಲಿದ್ದರೆ ಇನ್ನೂ ಒಳ್ಳೆಯದು, ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರನ್ನು ಜೊತೆಗೆ ಕರೆದುಕೊಳ್ಳಿ. ಗ್ರಾಮಠಾಣಾ, ಅಂದರೆ ಊರಿನ ಮನೆಗಳಿರುವ ಜಾಗದ ಒಳಗಿದ್ದರೆ ಪಹಣಿ ಇರಲಿಕ್ಕಿಲ್ಲ, ಪಂಚಾಯಿತಿಯ ಆಸ್ತಿ ರಿಜಿಸ್ಟರ್ ಕೇಳಬೇಕು.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. 2005ರ ಕಾಯ್ದೆ ಪ್ರಕಾರ 30 ದಿನದೊಳಗೆ ಉತ್ತರ ಕೊಡಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಜನ ಇಲ್ಲೇ ಎಡವುತ್ತಾರೆ. ಹತ್ತು ವರ್ಷದ ಕೋಪವನ್ನೆಲ್ಲ ಒಂದೇ ಅರ್ಜಿಯಲ್ಲಿ ಬರೆದುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ನೀವು ಮಳಿಗೆ ವಿಷಯ ಒಂದನ್ನೇ ಹಿಡಿದು ಮೂರು ದಾಖಲೆ ಮಾತ್ರ ಕೇಳಿ: ಮಳಿಗೆ ಠರಾವಿನ ಪ್ರತಿ, ಆ ಕೆಲಸ ಸೇರಿರುವ ಕ್ರಿಯಾ ಯೋಜನೆಯ (ವರ್ಷದ ಕೆಲಸಗಳ ಪಟ್ಟಿಯ) ಪುಟ, ಹಿಂದಿನ ಗ್ರಾಮಸಭೆಯ ನಡಾವಳಿ ಮತ್ತು ಹಾಜರಿ. ಸಭೆಗೆ ಇನ್ನೂ 30 ದಿನ ಇಲ್ಲದಿದ್ದರೂ ಹಾಕಿ, ಮುಂದಕ್ಕೆ ಬೇಕಾಗುತ್ತದೆ.

ಮಳಿಗೆ ಪೂರ್ತಿ ಬೇಡ ಅನ್ನುವ ಮೊದಲು ಒಂದು ಯೋಚನೆ ಮಾಡಿ. ಪಂಚಾಯಿತಿಗೂ ಸ್ವಂತ ವರಮಾನ ಬೇಕು, ಮಳಿಗೆ ಬಾಡಿಗೆಯಿಂದಲೇ ನೀರುಗಂಟಿ ಸಂಬಳ ಹೋಗುವ ಊರುಗಳಿವೆ. ಬೇರೆ ಜಾಗ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಅರ್ಜಿಯಲ್ಲೇ ತೋರಿಸಿ. ಬೇಡ ಅನ್ನುವವರ ಮಾತಿಗಿಂತ, ಅಲ್ಲಿ ಬೇಡ ಇಲ್ಲಿ ಕಟ್ಟಿ ಅನ್ನುವವರ ಮಾತು ಬೇಗ ಪುಸ್ತಕಕ್ಕೆ ಏರುತ್ತದೆ.

ನಮ್ಮೂರ ಸಂತೆಯಲ್ಲಿ ಶೌಚಾಲಯ ಇನ್ನೂ ಆಗಿಲ್ಲ. ಕ್ರಿಯಾ ಯೋಜನೆಯಲ್ಲಿ ಬಂದಿದೆ, ಕೆಲಸ ಶುರುವಾಗಿಲ್ಲ. ಆ ಪುಟದ ಜೆರಾಕ್ಸ್ ನನ್ನ ಗಲ್ಲಾ ಪೆಟ್ಟಿಗೆಯಲ್ಲಿದೆ. ಮುಂದಿನ ವಾರ್ಡ್ ಸಭೆಗೆ ಅದನ್ನೇ ಹಿಡಿದು ಹೋಗುತ್ತೇವೆ, ಚಿಕ್ಕಮ್ಮ ಈಗಲೇ ದಿನ ಕೇಳಿಟ್ಟುಕೊಂಡಿದ್ದಾರೆ. ನಿಮ್ಮ ಅರ್ಜಿ ಬರೆದಾದ ಮೇಲೆ ಊರು, ಹೆಸರು ತೆಗೆದು ಇಲ್ಲಿ ಹಾಕಿ. ಟಪಾಲಿಗೆ ಕೊಡುವ ಮೊದಲು ಒಂದು ಸಲ ಓದಿ, ಬಿಟ್ಟುಹೋದದ್ದು ಏನಾದರೂ ಇದ್ದರೆ ಹೇಳುತ್ತೇನೆ.