ಎ.ಸಿ.ಗೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸಬೇಕೇ?

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ಮೇಲ್ಮಹಡಿಯ ಮನೆ. 2016ರಲ್ಲಿ ಕೊಂಡ ಒಂದೂವರೆ ಟನ್ನಿನ ಸ್ಪ್ಲಿಟ್ ಎ.ಸಿ. ಮಲಗುವ ಕೋಣೆಯಲ್ಲಿದೆ. ಮೂರು ವರ್ಷಗಳಿಂದ ಮಾರ್ಚ್ ಬಂತೆಂದರೆ ಮೆಕ್ಯಾನಿಕ್ ಬಂದು ‘ಗ್ಯಾಸ್ ಖಾಲಿಯಾಗಿದೆ’ ಎಂದು ತುಂಬಿಸಿ ಹೋಗುತ್ತಾರೆ. ಮೇ ಮುಗಿಯುವಷ್ಟರಲ್ಲಿ ತಂಪು ಮತ್ತೆ ಇಳಿಯುತ್ತದೆ. ಈ ಸಲವೂ ತುಂಬಿಸಬೇಕೇ, ಹೊಸದನ್ನೇ ಕೊಳ್ಳಬೇಕೇ?

ಉತ್ತರ: ಎ.ಸಿ.ಯೊಳಗಿನ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಉರಿದು ಮುಗಿದುಹೋಗುವುದಿಲ್ಲ. ಅದು ಮುಚ್ಚಿದ ತಾಮ್ರದ ಕೊಳವೆಗಳಲ್ಲಿ ಸುತ್ತುತ್ತಾ, ಒಳಗಿನ ಘಟಕದಲ್ಲಿ ಕೋಣೆಯ ಶಾಖವನ್ನು ಹೀರಿಕೊಂಡು ಹೊರಗಿನ ಘಟಕದಲ್ಲಿ ಬಿಟ್ಟುಕೊಡುತ್ತದೆ, ಅಷ್ಟೆ. ಆದ್ದರಿಂದ ಗ್ಯಾಸ್ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗವನ್ನು ಮುಚ್ಚದೆ ಮೂರು ವರ್ಷ ತುಂಬಿಸಿದ್ದೆಂದರೆ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ, ಮತ್ತು ಆ ಖರ್ಚು ನಿಮ್ಮ ಮೇಲೆ ಬಿದ್ದಿದೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಗ್ಯಾಸ್ ಕಡಿಮೆಯಾಗಿದೆ ಎಂಬ ಮಾತನ್ನೂ ಪರೀಕ್ಷಿಸದೆ ಒಪ್ಪಬೇಡಿ. ನಿಮ್ಮ ಊರಿನ ಧೂಳಿಗೆ ಒಳಗಿನ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯದಿದ್ದರೆ ಗಾಳಿಯ ಹರಿವು ಕುಗ್ಗಿ, ಕಾಯಿಲ್ (ಗ್ಯಾಸ್ ಹರಿಯುವ ಕೊಳವೆಯ ಸುರುಳಿ) ಮೇಲೆ ಮಂಜು ಕಟ್ಟಿ, ಗ್ಯಾಸ್ ಇಳಿದಾಗ ಕಾಣುವ ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ. ಜಾಲರಿ ತೊಳೆದು, ಹೊರಗಿನ ಘಟಕದ ತೆಳು ತಗಡಿನ ರೆಕ್ಕೆಗಳ ಮೇಲಿನ ಮಣ್ಣನ್ನು ನೀರು ಹಾಯಿಸಿ ತೆಗೆದು, ಎ.ಸಿ.ಯನ್ನು ಕಾಲು ಗಂಟೆ ಓಡಿಸಿ. ಆಮೇಲೆ ಒಂದು ಥರ್ಮಾಮೀಟರನ್ನು ಮೊದಲು ಗಾಳಿ ಒಳಗೆ ಹೋಗುವ ಮೇಲ್ಭಾಗದಲ್ಲಿ, ಅನಂತರ ತಂಪುಗಾಳಿ ಹೊರಬರುವ ಬಾಯಲ್ಲಿ ಹಿಡಿದು ನೋಡಿ. ಎರಡರ ನಡುವೆ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ಅಂತರವಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ, ಗ್ಯಾಸಿನ ಗೊಡವೆ ಬೇಕಿಲ್ಲ.

ಅಂತರ ತೀರಾ ಕಡಿಮೆಯಿದ್ದರೆ, ಸ್ವಿಚ್ ಆರಿಸಿ, ಹೊರಗಿನ ಘಟಕದ ಪಕ್ಕದಲ್ಲಿ ತಾಮ್ರದ ಕೊಳವೆಗಳನ್ನು ಬಿಗಿದಿರುವ ಹಿತ್ತಾಳೆಯ ನಟ್ಟುಗಳನ್ನು ಬೆರಳಿನಿಂದ ಸವರಿ ನೋಡಿ. ಗ್ಯಾಸಿನ ಜೊತೆಗೆ ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ, ಅಲ್ಲಿ ಜಿಡ್ಡಿನ ಮೇಲೆ ಕಪ್ಪು ಧೂಳು ಮೆತ್ತಿಕೊಂಡಿದ್ದರೆ ಸೋರಿಕೆ ಬಹುತೇಕ ಅಲ್ಲಿಯೇ ಇರುತ್ತದೆ. ಮೆಕ್ಯಾನಿಕ್ ಬಂದಾಗ ಕೊಳವೆಗೆ ನೈಟ್ರೋಜನ್ ಒತ್ತಿ, ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗವನ್ನು ನಿಮಗೆ ತೋರಿಸಲಿ. ನೈಟ್ರೋಜನ್ ಬದಲು ಆಮ್ಲಜನಕದ ಸಿಲಿಂಡರ್ ಜೋಡಿಸಲು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ಏಕೆಂದರೆ ಅದು ಒಳಗಿನ ಎಣ್ಣೆಯೊಂದಿಗೆ ಸೇರಿ ಸ್ಫೋಟಿಸಬಲ್ಲದು. ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಪೂರ್ತಿ ಎಳೆದು, ಯಂತ್ರದ ಮೇಲಿನ ತಗಡಿನ ಪಟ್ಟಿಯಲ್ಲಿ ಬರೆದಿರುವಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಬೇಕು.

ಅದೇ ಪಟ್ಟಿಯಲ್ಲಿ ಗ್ಯಾಸಿನ ಹೆಸರೂ ಇರುತ್ತದೆ, ಮತ್ತು ಹೊಸದು ಬೇಕೇ ಬೇಡವೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅಲ್ಲಿದೆ. ನಿಮ್ಮದು ಆರ್-22 ಆಗಿದ್ದರೆ, ಓಝೋನ್ ಪದರಕ್ಕೆ ಹಾನಿ ಮಾಡುವ ಈ ಗ್ಯಾಸನ್ನು ಹೊಸ ಯಂತ್ರಗಳ ತಯಾರಿಕೆಯಲ್ಲಿ ಬಳಸುವುದನ್ನು ಭಾರತ 2024ರ ಕೊನೆಗೆ ನಿಲ್ಲಿಸಿದೆ. ರಿಪೇರಿಗೆ ಇನ್ನೂ ಸಿಗುತ್ತದೆಯಾದರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ಆ ಯಂತ್ರಕ್ಕೆ ಈಗ ಹೆಚ್ಚು ಬಳಕೆಯಲ್ಲಿರುವ ಆರ್-32 ತುಂಬಿಸಿಕೊಡುತ್ತೇನೆಂದು ಯಾರಾದರೂ ಹೇಳಿದರೆ ನಿರಾಕರಿಸಿ, ಏಕೆಂದರೆ ಅದರ ಒತ್ತಡ ಬೇರೆ, ಜೊತೆಗೆ ಸ್ವಲ್ಪ ಮಟ್ಟಿಗೆ ಬೆಂಕಿ ಹೊತ್ತಿಕೊಳ್ಳುವ ಗುಣವೂ ಅದಕ್ಕಿದೆ. ನನ್ನ ಅಭಿಪ್ರಾಯದಲ್ಲಿ, ಸೋರಿಕೆ ನಟ್ಟಿನಲ್ಲಿದ್ದರೆ ರಿಪೇರಿ ಮಾಡಿಸಿ ಇನ್ನೆರಡು ಬೇಸಿಗೆ ಕಳೆಯಿರಿ. ಕಾಯಿಲ್ ಸುರುಳಿಯೇ ತುಕ್ಕು ಹಿಡಿದು ಸೋರುತ್ತಿದ್ದರೆ ಹಣ ಸುರಿಯದೆ, ಅಗತ್ಯಕ್ಕೆ ತಕ್ಕಂತೆ ಕಂಪ್ರೆಸರಿನ ವೇಗ ಬದಲಿಸುವ ಇನ್ವರ್ಟರ್ ಎ.ಸಿ. ಕೊಳ್ಳಿರಿ. ಕೊಳ್ಳುವಾಗ ನಕ್ಷತ್ರಗಳನ್ನು ಮಾತ್ರ ಎಣಿಸಬೇಡಿ. 2022ರ ಜುಲೈನಲ್ಲಿ ಮಾನದಂಡ ಬಿಗಿಯಾದಾಗ ಹಿಂದಿನ 5 ನಕ್ಷತ್ರದ ಯಂತ್ರಗಳು 4ಕ್ಕೆ ಇಳಿದವು. ಆದ್ದರಿಂದ ಲೇಬಲ್ಲಿನ ಮೇಲಿರುವ ಐ.ಎಸ್.ಇ.ಇ.ಆರ್. (ಬಳಸಿದ ವಿದ್ಯುತ್ತಿಗೆ ಎಷ್ಟು ತಂಪು ಸಿಗುತ್ತದೆ ಎಂಬುದರ ಅಳತೆ) ಅಂಕಿಯನ್ನೇ ಹೋಲಿಸಿ, ಅದು ಹೆಚ್ಚಿದ್ದಷ್ಟೂ ವಿದ್ಯುತ್ ಉಳಿಯುತ್ತದೆ. ಅಲ್ಲಿ ಬರೆದಿರುವ ವಾರ್ಷಿಕ ಯೂನಿಟ್ಟು 1600 ಗಂಟೆಗಳ ಬಳಕೆಯ ಲೆಕ್ಕ ಎಂಬುದನ್ನೂ ನೆನಪಿಡಿ.

ಇನ್ನೊಂದು ಮಾತು. ಮೇಲ್ಮಹಡಿಯ ಕೋಣೆಗೆ ಶಾಖ ಬರುವುದು ಮುಖ್ಯವಾಗಿ ಚಾವಣಿಯಿಂದ. ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಹನ್ನೊಂದಕ್ಕೂ ಒಳಕ್ಕೆ ಬಿಸಿ ಬಿಡುತ್ತಲೇ ಇರುತ್ತದೆ. ಮಂಚದ ಮೇಲೆ ನಿಂತು ಚಾವಣಿಗೆ ಅಂಗೈ ಒತ್ತಿದರೆ ನಿಮಗೇ ತಿಳಿಯುತ್ತದೆ. ಫೆಬ್ರವರಿಯಲ್ಲೇ ಮಾಳಿಗೆಗೆ ದಪ್ಪಗೆ ಎರಡು ಸಲ ಸುಣ್ಣ ಬಳಿಸಿದರೆ, ಹಳೆಯ ಎ.ಸಿ.ಯೇ ಇರಲಿ ಹೊಸದೇ ಇರಲಿ, ಅದರ ಹೊರೆ ಇಳಿಯುತ್ತದೆ.

ಪ್ರಶ್ನೆ: ರಾಯಚೂರಿನಲ್ಲಿದ್ದೇವೆ. ಕೂಲರಿನ ಪ್ಯಾಡುಗಳು ಬೆಳ್ಳಗೆ ಕಲ್ಲುಗಟ್ಟಿವೆ, ವಾಸನೆಯೂ ಬರುತ್ತದೆ. ಮಳೆ ಶುರುವಾದ ಮೇಲಂತೂ ಕೂಲರ್ ಹಾಕಿದರೆ ಮೈಯೆಲ್ಲ ಅಂಟಂಟಾಗುತ್ತದೆ.

ಉತ್ತರ: ಕೊಳವೆಬಾವಿಯ ಗಡಸು ನೀರು ಆರಿದಾಗ ಅದರಲ್ಲಿದ್ದ ಸುಣ್ಣದಂಶ ಪ್ಯಾಡಿನಲ್ಲಿ ಉಳಿಯುತ್ತದೆ, ಮತ್ತು ತೊಟ್ಟಿಗೆ ಮೇಲಿಂದ ಮೇಲೆ ನೀರು ಸೇರಿಸುತ್ತಾ ಹೋದಷ್ಟೂ ಅದು ಮಂದವಾಗುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಉಜ್ಜಿ, ಒಣಗಿಸಿ ತುಂಬಿರಿ. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಮರಿಯಾಗಿ ಹಾರುವುದಕ್ಕೆ ಸುಮಾರು ಒಂದು ವಾರ ಸಾಕು, ಹಾಗಾಗಿ ಈ ಕೆಲಸವನ್ನು ಮುಂದೂಡಬೇಡಿ. ಕಟ್ಟಿಗೆಯ ನಾರಿನ ಪ್ಯಾಡನ್ನು ಪ್ರತಿ ವರ್ಷ ಬದಲಿಸಲೇಬೇಕು. ಸಿಗುವಂತಿದ್ದರೆ ಲಾವಂಚದ್ದನ್ನು ಹಾಕಿಸಿ. ಕೂಲರ್ ತಂಪು ಕೊಡುವುದು ನೀರು ಆವಿಯಾಗುವುದರಿಂದ, ಆದ್ದರಿಂದ ಗಾಳಿಯೇ ತೇವವಾಗಿರುವ ಮಳೆಗಾಲದಲ್ಲಿ ಪಂಪ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ. ಬೇಸಿಗೆಯಲ್ಲೂ ಎದುರಿನ ಕಿಟಕಿ ತೆರೆದಿರಲಿ. ತಗಡಿನ ಕೂಲರ್ ಆಗಿದ್ದರೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ತುಂಬಿ.

ಪ್ರಶ್ನೆ: ಸಕಲೇಶಪುರದ ನಮ್ಮ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದೆ. ಚಳಿಗೆ ಕಿಟಕಿ ಮುಚ್ಚಿ ಸ್ನಾನ ಮಾಡಿದರೆ ತಲೆ ಸುತ್ತುತ್ತದೆ. ಸರ್ವಿಸ್ ಮಾಡಿಸಿದರೆ ಸರಿಹೋಗುತ್ತದೆಯೇ?

ಉತ್ತರ: ದಯವಿಟ್ಟು ಇಂದಿನಿಂದಲೇ ಅದನ್ನು ಹಾಗೆ ಬಳಸುವುದನ್ನು ನಿಲ್ಲಿಸಿ. ಮುಚ್ಚಿದ ಬಚ್ಚಲಿನಲ್ಲಿ ಜ್ವಾಲೆಗೆ ಆಮ್ಲಜನಕ ಸಾಲದೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆಸುತ್ತು ಅದರ ಮೊದಲ ಸೂಚನೆ. ಅನಂತರ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿಯದೆ ಜನ ಸತ್ತಿದ್ದಾರೆ. ಹಿಂದಿನವರ ಹಂಡೆಯ ಒಲೆಗೆ ಹೊರಗಿನಿಂದ ಉರಿ ಹಾಕುತ್ತಿದ್ದ ಮನೆಗಳಲ್ಲಿ ಹೊಗೆ ಹೊರಗೇ ಉಳಿಯುತ್ತಿತ್ತು. ಗೀಸರಿನಲ್ಲಿ ಹೊಗೆ ಕಾಣುವುದಿಲ್ಲವಾದ್ದರಿಂದ ನಾವು ಮೈಮರೆಯುತ್ತೇವೆ. ಬರ್ನರ್ ಶುಚಿ ಮಾಡಿಸಿ ಹಳದಿ ಜ್ವಾಲೆ ನೀಲಿಯಾದರೂ ಮುಚ್ಚಿದ ಕೋಣೆಯ ಅಪಾಯ ಹೋಗುವುದಿಲ್ಲ. ಗೀಸರನ್ನೂ ಸಿಲಿಂಡರನ್ನೂ ಗಾಳಿಯಾಡುವ ಹೊರಗೋಡೆಗೆ ಸಾಗಿಸಿ, ಬಿಸಿನೀರಿನ ಕೊಳವೆಯೊಂದೇ ಒಳಗೆ ಬರುವಂತೆ ಮಾಡಿಸಿ. ಅಲ್ಲಿಯವರೆಗೆ ಕಿಟಕಿ ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ಹಿಡಿದು, ಗೀಸರ್ ಆರಿಸಿ, ಐದು ನಿಮಿಷ ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಒಳಗೆ ಹೋಗಿ.